ಹದಿಮೂರರಲ್ಲಿ ಒಂಬತ್ತು ಹೋದರೆ

ಒಂದನೇ ತರಗತಿಯ ಮಗುವಿಗೆ ದಶಕ ಸಹಿತ ವ್ಯವಕಲನ, ಅಂದರೆ ಹತ್ತನ್ನು ಒಡೆದು ಕಳೆಯುವುದು, ಶುರು ಮಾಡುವಾಗ ಮೊದಲ ಲೆಕ್ಕ 13−9 ಇರಬೇಕೋ, 12−3 ಇರಬೇಕೋ? ಜಪಾನಿನ ತ್ಸುಕುಬಾದಲ್ಲಿ ನಾನು ಕೆಲಸ ಮಾಡುವ ಶಾಲೆಯ ಸ್ಟಾಫ್ ರೂಮಿನಲ್ಲಿ ಇಡೀ ಒಂದು ಸಂಜೆ ಇದೇ ಜಗಳ. ನಾವು ಕೆಲವರು ಥಾಯ್ಲೆಂಡಿನ ಖೋನ್ ಕೇನ್‌ಗೆ ಹೋಗಿ, ಅಲ್ಲಿನ ಶಿಕ್ಷಕರ ಎದುರು ಅಲ್ಲಿನ ಮಕ್ಕಳಿಗೇ ಒಂದು ಪಾಠ ಮಾಡಬೇಕಿದೆ. ಪಾಠ 45 ನಿಮಿಷದ್ದು. ತಯಾರಿ ವಾರಗಟ್ಟಲೆ ನಡೆದಿದೆ.

12−3 ಕೊಟ್ಟರೆ ಮಗು 11, 10, 9 ಎಂದು ಹಿಂದಕ್ಕೆ ಎಣಿಸಿ ಉತ್ತರ ಹೇಳಿಬಿಡುತ್ತದೆ. ಹತ್ತನ್ನು ಒಡೆಯುವ ಪ್ರಮೇಯವೇ ಬರುವುದಿಲ್ಲ. 13−9 ಆದರೆ ಅಷ್ಟು ದೂರ ಎಣಿಸಲು ಅದಕ್ಕೇ ಬೇಜಾರು. ಹತ್ತರಲ್ಲಿ ಒಂಬತ್ತು ತೆಗೆದು, ಉಳಿದ ಒಂದಕ್ಕೆ ಮೂರು ಸೇರಿಸುವ ದಾರಿ ತಾನಾಗಿ ಹೊಳೆದೀತು. ಇನ್ನೊಬ್ಬಳು ಬಿಡಿ ಮೂರನ್ನು ಮೊದಲು ತೆಗೆದು, ಬಾಕಿ ಆರನ್ನು ಹತ್ತರಿಂದ ಕಳೆದಾಳು. ಪಾಠದ ಹಾಳೆಯಲ್ಲಿ ‘ಮಕ್ಕಳು ಏನು ಹೇಳಬಹುದು’ ಎಂಬ ಕಾಲಂ ಇದೆ. ಎಲ್ಲಕ್ಕಿಂತ ಉದ್ದದ ಕಾಲಂ ಅದೇ. ಇಲ್ಲಿ ಮೊಟ್ಟೆ ಹತ್ತರ ಪೆಟ್ಟಿಗೆಯಲ್ಲಿ ಸಿಗುತ್ತದಾದ್ದರಿಂದ ಲೆಕ್ಕಕ್ಕೆ ಮೊಟ್ಟೆಯನ್ನೇ ಆರಿಸಿದ್ದೇವೆ. ಖೋನ್ ಕೇನ್ ಮಕ್ಕಳ ಮನೆಗೆ ಮೊಟ್ಟೆ ಹೇಗೆ ಬರುತ್ತದೆ ಎಂದು ನಮ್ಮ ಹಿರಿಯ ಸಹೋದ್ಯೋಗಿ ಅಲ್ಲಿಗೆ ಪತ್ರ ಬರೆದು ಕೇಳಿದ್ದಾರೆ! ಬೋರ್ಡಿನ ಮೇಲೆ ಎಲ್ಲಿ ಏನು ಬರೆಯಬೇಕೆಂಬುದಕ್ಕೂ ನಕ್ಷೆ ಸಿದ್ಧ. ಪಾಠ ಮುಗಿಯುವ ತನಕ ಒಂದಕ್ಷರ ಒರೆಸುವಂತಿಲ್ಲ.

ಈ ಉಮೇದಿನಲ್ಲಿ ರಾಣೆಬೆನ್ನೂರು ಕಡೆ ಮಾಸ್ತರಾಗಿರುವ ಗೆಳೆಯನಿಗೆ ಫೋನ್ ಮಾಡಿದೆ. “ಭಾರಿ ಆತಲ್ಲೋ! ಪಿಪಿಟಿ ರೆಡಿ ಐತೇನು? ಸನ್ಮಾನದ ಫೋಟೋ ಕಳಸು, ಗ್ರೂಪಿಗೆ ಹಾಕ್ತೇನಿ” ಅಂದ. ಯಾವ ಪಾಠ ಅಂತ ಮಾತ್ರ ಕೇಳಲಿಲ್ಲ.

ಅವನ ತಪ್ಪಲ್ಲ ಬಿಡಿ, ಸುತ್ತಲಿನ ಶಾಲೆಗಳ ಮಾಸ್ತರರು ಸೇರುವ ಆ ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ ನಾನೂ ಕೂತು ಎದ್ದವನೇ. ಪ್ರಾರ್ಥನೆ, ಸ್ವಾಗತ, ಸುತ್ತೋಲೆ ಓದುವುದು, ‘ಮಾಹಿತಿ ಇವತ್ತೇ ಕೊಡಬೇಕು’ ಎಂಬ ನಮೂನೆಗಳು. ಕೊನೆಯ ಅರ್ಧ ಗಂಟೆಯಲ್ಲಿ ಮಾದರಿ ಪಾಠ. ಅದಕ್ಕೆ ಮಕ್ಕಳಾಗಿ ಕೂರುವವರು ನಾವೇ, ಐವತ್ತರ ಗಡಿ ದಾಟಿದ ಮಾಸ್ತರರು ಮತ್ತು ಅಕ್ಕೋರು. ಕೇಳುವ ಮೊದಲೇ ಉತ್ತರ ಬರುತ್ತಿತ್ತು. ಆಮೇಲೆ ಚಪ್ಪಾಳೆ, ‘ಪಾಠ ಅತ್ಯಂತ ಸೊಗಸಾಗಿ ಮೂಡಿಬಂತು’, ವಂದನಾರ್ಪಣೆ, ಮಿರ್ಚಿ ಮಂಡಕ್ಕಿ. ಮಂಡಕ್ಕಿ ನಿಜಕ್ಕೂ ಚೆನ್ನಾಗಿರುತ್ತಿತ್ತು. ಆದರೆ ಮಗು ಎಲ್ಲಿ ತಡವರಿಸಿತು ಎಂಬ ಮಾತು ಯಾರ ಬಾಯಲ್ಲೂ ಬಂದದ್ದು ನೆನಪಿಲ್ಲ. ತಡವರಿಸಲು ಅಲ್ಲಿ ಮಗುವೇ ಇರಲಿಲ್ಲ.

ಜಪಾನಿನಲ್ಲಿ ನಾವು ಹೀಗೆ ಸೇರಿ ಪಾಠ ಕಟ್ಟಿ, ಮಾಡಿ, ಚರ್ಚಿಸುವ ಪದ್ಧತಿಗೆ ಜುಗ್ಯೋ ಕೆನ್‌ಕ್ಯೂ, ಅಂದರೆ ಪಾಠದ ಅಧ್ಯಯನ, ಎನ್ನುತ್ತಾರೆ. ಪಾಠವನ್ನು ಎಲ್ಲರೂ ಸೇರಿ ಕಟ್ಟಿರುತ್ತಾರಾದ್ದರಿಂದ, ಕೆಟ್ಟರೆ ಎಲ್ಲರದೂ ಕೆಟ್ಟಂತೆ. ಪಾಠ ಮುಗಿದ ಮೇಲೆ, ಮಾಡಿದವನು ಮೊದಲು ಮಾತಾಡುತ್ತಾನೆ. ನಂತರ ಉಳಿದವರು, ‘ಕಿಟಕಿ ಪಕ್ಕದ ಹುಡುಗ ಎರಡು ಸಲ ಬರೆದು ಅಳಿಸಿದ’ ಎಂಬಲ್ಲಿಂದ ಶುರು ಮಾಡುತ್ತಾರೆ. ಹೊಗಳಿಕೆಗೂ ಸಿಟ್ಟಿಗೂ ಅಲ್ಲಿ ಜಾಗ ಕಡಿಮೆ. ಇದೆಲ್ಲ ಜಪಾನೀಯರ ರಕ್ತದಲ್ಲೇ ಬಂದದ್ದು ಎಂದೇನೂ ಅಂದುಕೊಳ್ಳಬೇಡಿ. ಇಡೀ ತರಗತಿಗೆ ಒಟ್ಟಿಗೆ ಪಾಠ ಮಾಡುವುದನ್ನು 1872ರಲ್ಲಿ ಟೋಕಿಯೊ ನಾರ್ಮಲ್ ಸ್ಕೂಲಿನಲ್ಲಿ ಇವರಿಗೆ ತೋರಿಸಿಕೊಟ್ಟವನು ಮೇರಿಯನ್ ಸ್ಕಾಟ್ ಎಂಬ ಅಮೆರಿಕದ ಮೇಷ್ಟ್ರು.

ಇಷ್ಟು ಹೊಗಳಿದ ಮೇಲೆ ಹೇಳಲೇಬೇಕು: ಈ ಚೆಂದಕ್ಕೆ ತೆರುವ ಬೆಲೆಯೂ ದೊಡ್ಡದು. ಹಲವು ದೇಶಗಳ ಶಿಕ್ಷಕರನ್ನು ಕೇಳಿ ನಡೆಸುವ ಟಾಲಿಸ್ ಸಮೀಕ್ಷೆಯ ಪ್ರಕಾರ 2018ರಲ್ಲಿ ಜಪಾನಿನ ಕಿರಿಯ ಪ್ರೌಢಶಾಲಾ ಶಿಕ್ಷಕರು ವಾರಕ್ಕೆ 56 ಗಂಟೆ ದುಡಿಯುತ್ತಿದ್ದರು. ರಾತ್ರಿ ಎಂಟಕ್ಕೂ ಸ್ಟಾಫ್ ರೂಮಿನ ದೀಪ ಆರಿರುವುದಿಲ್ಲ, ಮನೆಯಲ್ಲಿ ಅವರ ಮಕ್ಕಳ ಲೆಕ್ಕ ಯಾರು ನೋಡುತ್ತಾರೋ. ಅತ್ತ ನನ್ನ ಗೆಳೆಯ ಒಂದು, ಎರಡು, ಮೂರನೇ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಮತದಾರರ ಪಟ್ಟಿಗಾಗಿ ಮನೆಮನೆ ಸುತ್ತುತ್ತಾನೆ. ಇನ್ನೂ ಒಂದು ಮಾತು, ಒಪ್ಪಲು ಮನಸ್ಸಿಲ್ಲದಿದ್ದರೂ ಸತ್ಯ: 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಾವೇ ಕೂತು ಮಕ್ಕಳ ಕಲಿಕೆಯ ಕಾರ್ಡು ಬರೆದರು. ನಲಿಕಲಿ ಹುಟ್ಟಿದ್ದು ಹಾಗೆ. ಅಂದರೆ ನಮ್ಮವರಿಗೆ ಬಾರದ ವಿದ್ಯೆಯೇನೂ ಅಲ್ಲ ಇದು.

ಹಾಗಾದರೆ ಅಡ್ಡಿ ಏನು? ನಮ್ಮೂರಲ್ಲಿ ಕ್ಲಸ್ಟರ್ ಸಭೆ ಶನಿವಾರ ಮಧ್ಯಾಹ್ನ, ಅಷ್ಟೊತ್ತಿಗೆ ಮಕ್ಕಳು ಮನೆ ಸೇರಿರುತ್ತಾರೆ ಎನ್ನುತ್ತಾರೆ. ಜಪಾನಿನಲ್ಲಿ ಪಾಠ ನಡೆಯುವ ಒಂದು ತರಗತಿಯನ್ನು ಉಳಿಸಿಕೊಂಡು ಉಳಿದವರನ್ನು ಬೇಗ ಕಳಿಸುತ್ತಾರೆ. ಸುತ್ತೋಲೆಯನ್ನು ವಾಟ್ಸಾಪಿಗೆ ಹಾಕಿ, ತಿಂಗಳಿಗೆ ಒಂದು ದಿನ ಇಪ್ಪತ್ತು ಮಕ್ಕಳನ್ನು ಒಂದು ತಾಸು ಹೆಚ್ಚು ಕೂರಿಸಿಕೊಳ್ಳಲು ಬೇಕಾದ್ದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಾಹೇಬರ ಒಂದು ಸಹಿ.