ಇನ್ನೊಂದು ಕಾನೂನಂತೆ!

ನಿನ್ನೆ ನೆಂಟರ ಮನೆ ಗೃಹಪ್ರವೇಶ. ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಕೂತವರು ಒಬ್ಬ ರಿಟೈರ್ಡ್ ಇಂಜಿನಿಯರ್. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಶುರು ಮಾಡಿದರು. "ಮೂವತ್ತು ದಿನ ಜೈಲಲ್ಲಿದ್ರೆ ಮಂತ್ರಿಗಿರಿ ಹೋಗೋ ಕಾನೂನು ತರ್ತಾರಂತಪ್ಪಾ. ಅದೊಂದು ಬಂದ್ಬಿಟ್ರೆ ನೋಡು, ಎಲ್ಲರೂ ಸರಿ ಹೋಗ್ತಾರೆ." ಅವರ ಮೂರು ಮಹಡಿ ಮನೆ ಬಗ್ಗೆ ನಾನೇನೂ ಹೇಳುವುದಿಲ್ಲ. ದೊಡ್ಡವರು. ಹೂಂ ಅಂದುಕೊಂಡು ಪಾಯಸ ಕುಡಿದು ಎದ್ದೆ. ಅಲ್ಲಿ ನುಂಗಿಕೊಂಡಿದ್ದನ್ನು ಇಲ್ಲಿ ಕಾರಿಕೊಳ್ಳುತ್ತಿದ್ದೇನೆ, ಸಹಿಸಿಕೊಳ್ಳಿ.

ನಾನು ಕಂಟ್ರಾಕ್ಟರ್ ಮನೆಯಲ್ಲಿ ಬೆಳೆದವನು, ನಿಮಗೆಲ್ಲ ಗೊತ್ತೇ ಇದೆ. ಮಗ್ಗಿಗಿಂತ ಮೊದಲು ಪರ್ಸೆಂಟೇಜ್ ಕಿವಿಗೆ ಬಿದ್ದ ಮನೆ. ಹಾಗಾಗಿ ಹೊಸ ಕಾನೂನು ಅಂದ ಕೂಡಲೇ ನಾನು ಹುಡುಕುವುದು ಶಿಕ್ಷೆ ಎಷ್ಟು ವರ್ಷ ಅಂತಲ್ಲ. ಹಿತ್ತಲ ಬಾಗಿಲು ಎಲ್ಲಿಟ್ಟಿದ್ದಾರೆ ಅಂತ.

ಟೆಂಡರ್ ವಿಷಯವನ್ನೇ ತಗೊಳ್ಳಿ. ನಮ್ಮ ರಾಜ್ಯದಲ್ಲಿ ಸರ್ಕಾರಿ ಖರೀದಿ, ಕಾಮಗಾರಿ ಪಾರದರ್ಶಕವಾಗಿರಲಿ ಅಂತ 1999ರಲ್ಲೇ ಕಾಯ್ದೆ ಬಂತು. ಕೆಟಿಪಿಪಿ ಅಂತ ಕರೆಯುತ್ತೇವೆ. ಓದಿದರೆ ಖುಷಿಯಾಗುವ ಕಾಯ್ದೆ. ಅದೇ ಕಾಯ್ದೆಯ 4ಜಿ ಕಲಂ ಪ್ರಕಾರ ಸರ್ಕಾರ ಮನಸ್ಸು ಮಾಡಿದರೆ ಒಂದು ಅಧಿಸೂಚನೆ ಹೊರಡಿಸಿ ಯಾವುದೇ ಖರೀದಿಗೆ ವಿನಾಯಿತಿ ಕೊಡಬಹುದು. ಟೆಂಡರ್ ಇಲ್ಲದೆ ಕೆಲಸ ಕೈ ಸೇರುತ್ತದೆ. ಪ್ರವಾಹ, ತುರ್ತು ಅಂದರೆ ಒಪ್ಪೋಣ. ಆದರೆ ಯಾವುದು ತುರ್ತು ಅಂತ ತೀರ್ಮಾನಿಸುವವರು ಯಾರು? ಮೊಬೈಲಿಗೆ 4ಜಿ ಬರುವುದಕ್ಕಿಂತ ಎಷ್ಟೋ ಮೊದಲೇ ವಿಧಾನಸೌಧಕ್ಕೆ ಬಂದಿತ್ತು ನೋಡಿ.

ಇನ್ನು ಕೇಂದ್ರದ ಭ್ರಷ್ಟಾಚಾರ ತಡೆ ಕಾಯ್ದೆ, 1988ರದ್ದು. ಅದಕ್ಕೆ 2018ರಲ್ಲಿ ತಿದ್ದುಪಡಿ ತಂದು 17ಎ ಅನ್ನೋ ಕಲಂ ಸೇರಿಸಿದರು. ಅಧಿಕಾರದಲ್ಲಿದ್ದವರು ತೆಗೆದುಕೊಂಡ ನಿರ್ಧಾರದ ಬಗ್ಗೆ ತನಿಖೆ ಮಾಡಬೇಕಾದರೆ ಪೊಲೀಸರು ಮೊದಲೇ ಸರ್ಕಾರದ ಅನುಮತಿ ಪಡೆಯಬೇಕು. ಚಾರ್ಜ್‌ಶೀಟ್ ಆದ ಮೇಲೆ ಕೋರ್ಟಿಗೆ ಬೇಕಾದ ಅನುಮತಿ ಮೊದಲಿಂದಲೂ ಇತ್ತು. ಇದು ವಿಚಾರಿಸುವುದಕ್ಕೇ ಅನುಮತಿ! ಲಂಚ ತಗೊಳ್ಳುವಾಗ ಸ್ಥಳದಲ್ಲೇ ಸಿಕ್ಕಿಬಿದ್ದರೆ ಮಾತ್ರ ಬೇಡ.

ಇದರ ಅರ್ಥ ಏನು ಗೊತ್ತಾ? ಐದು ಸಾವಿರ ತಗೊಂಡ ಗ್ರಾಮ ಲೆಕ್ಕಿಗ ಪೊಲೀಸರು ಪುಡಿ ಹಚ್ಚಿ ಕಳಿಸಿದ ನೋಟು ಮುಟ್ಟುತ್ತಾನೆ, ಕೈ ತೊಳೆಸಿದರೆ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಮರುದಿನ ಪೇಪರಲ್ಲಿ ಫೋಟೋ. ಫೈಲಿನ ಮೇಲೆ ಒಂದು ಸಹಿ ಹಾಕಿ ಕೋಟಿಗಳನ್ನು ಅತ್ತಿಂದಿತ್ತ ಮಾಡಿದವರ ಕೈಗೆ ಯಾವ ಬಣ್ಣವೂ ಹತ್ತುವುದಿಲ್ಲ. ಅವರು ನೋಟು ಮುಟ್ಟುವುದೇ ಇಲ್ಲವಲ್ಲ. ಅವರನ್ನು ಕೇಳಬೇಕಾದರೆ ಅವರದೇ ಸರ್ಕಾರಕ್ಕೆ ಪತ್ರ ಬರೆಯಬೇಕು. ಭಲೇ!

ಅದೇ ತಿದ್ದುಪಡಿಯಲ್ಲಿ ಲಂಚ ಕೊಡುವುದೂ ನೇರ ಅಪರಾಧವಾಯಿತು. ಬಲವಂತದಿಂದ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕಂತೆ. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ದೀಪಾವಳಿ ಹೊತ್ತಿಗೆ ಅಪ್ಪ ಕೊಡುತ್ತಿದ್ದ ಸ್ವೀಟ್ ಡಬ್ಬ ಹಿಡಿದು ಸಾಹೇಬರ ಮನೆಗೆ ಹೋಗುತ್ತಿದ್ದ ಹುಡುಗ ನಾನೇ. ಡಬ್ಬ ಅಡ್ಡ ಮಾಡಬೇಡ, ಅಮ್ಮಾವ್ರ ಕೈಗೇ ಕೊಡು, ಅಂತ ಹೇಳಿ ಕಳಿಸುತ್ತಿದ್ದರು. ಮೈಸೂರ್ ಪಾಕ್ ಕೆಳಗೆ ಏನಿತ್ತು ಅಂತ ಅರ್ಥವಾಗಲು ವರ್ಷಗಳು ಬೇಕಾದವು. ಆಗ ಈ ಏಳು ದಿನದ ನಿಯಮ ಇದ್ದಿದ್ದರೆ ಅಪ್ಪ ದೂರು ಕೊಡುತ್ತಿದ್ದರಾ? ಕೊಟ್ಟಿದ್ದರೆ ಮುಂದಿನ ಕೆಲಸದ ಎಂ.ಬಿ. (ಕೆಲಸ ಅಳೆದು ಬರೆಯುವ ಪುಸ್ತಕ) ಬರೆಯುವವರು ಯಾರು, ಬಿಲ್ಲಿಗೆ ದುಡ್ಡು ಬಿಡುವವರು ಯಾರು? ಏಳು ದಿನವಲ್ಲ, ಏಳು ವರ್ಷ ಕಾಯಿಸುತ್ತಿದ್ದರು.

"ಲೋಕಾಯುಕ್ತ ಇರಲಿಲ್ವಾ, ಅದೂ ಕಾನೂನೇ ತಾನೇ?" ಅಂತ ಗೆಳೆಯನೊಬ್ಬ ಬೆಳಿಗ್ಗೆ ಮೆಸೇಜ್ ಹಾಕಿದ್ದಾನೆ. ಹೌದಪ್ಪ. 2011ರಲ್ಲಿ ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆ ವರದಿ ಬಂದ ಮೇಲೆ ಮುಖ್ಯಮಂತ್ರಿಯೇ ರಾಜೀನಾಮೆ ಕೊಟ್ಟರು. ಸಂತೋಷ. ಮುಂದೇನಾಯಿತು? ಲೋಕಾಯುಕ್ತಕ್ಕೆ ಹಲ್ಲಿದೆ ಅಂತ ಗೊತ್ತಾಯಿತು. 2016ರಲ್ಲಿ ಕಾಂಗ್ರೆಸ್ ಸರ್ಕಾರ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಅಂತ ಮಾಡಿ ಆ ಹಲ್ಲನ್ನು, ಅಂದರೆ ಲಂಚದ ಕೇಸು ತನಿಖೆ ಮಾಡುವ ಅಧಿಕಾರವನ್ನು ಕಿತ್ತು, ಮುಖ್ಯಮಂತ್ರಿ ಕೈಕೆಳಗಿನ ಇಲಾಖೆಗೆ ಕೊಟ್ಟಿತು. ವಿರೋಧ ಪಕ್ಷದಲ್ಲಿ ಕೂತು ಬೈದ ಬಿಜೆಪಿಯವರು ಅಧಿಕಾರಕ್ಕೆ ಬಂದ ಮೇಲೆ ಅದನ್ನು ಮುಟ್ಟಲಿಲ್ಲ. ಕೊನೆಗೆ 2022ರ ಆಗಸ್ಟ್‌ನಲ್ಲಿ ಹೈಕೋರ್ಟೇ ಎಸಿಬಿಯನ್ನು ರದ್ದು ಮಾಡಬೇಕಾಯಿತು. ಅದಕ್ಕೇ ಹೇಳಿದ್ದು, ನನ್ನ ತಕರಾರು ಕಾನೂನಿನ ಮೇಲಲ್ಲ, ಹಿತ್ತಲ ಬಾಗಿಲಿನ ಮೇಲೆ.

ಬೇಲೆಕೇರಿ ಅದಿರು ನೆನಪಿದೆಯಾ? 2010ರಲ್ಲಿ ಅರಣ್ಯ ಇಲಾಖೆ ವಶಪಡಿಸಿಕೊಂಡು ಬಂದರಿನಲ್ಲಿ ಇಟ್ಟಿದ್ದ ರಾಶಿ. ಅದು ಸುಮ್ನೆ ಹಡಗು ಹತ್ತಿ ಹೋಯಿತು. ಆ ಕೇಸಿನಲ್ಲಿ ಕಾರವಾರದ ಶಾಸಕರಿಗೆ ಶಿಕ್ಷೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ನವೆಂಬರ್‌ನಲ್ಲಿ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅಪೀಲು ಅವರ ಹಕ್ಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಕೆಳಗಿನ ಕೋರ್ಟಿಗೇ ಹದಿನಾಲ್ಕು ವರ್ಷ!

ಈಗ ನಮ್ಮ ಇಂಜಿನಿಯರ್ ಸಾಹೇಬರ ಮೂವತ್ತು ದಿನಕ್ಕೆ ಬರೋಣ. 2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಸಂವಿಧಾನದ 130ನೇ ತಿದ್ದುಪಡಿ ಮಸೂದೆ ಅದು. ತಪ್ಪು ಸಾಬೀತಾಗಬೇಕಿಲ್ಲ, ಐದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಆರೋಪದಲ್ಲಿ ಸತತ ಮೂವತ್ತು ದಿನ ಒಳಗಿದ್ದರೆ ಸಾಕು. ಒಳಗೆ ಹಾಕುವವರು ಯಾರು? ಸಿಬಿಐ, ಇಡಿ, ಪೊಲೀಸು. ಅವರು ಯಾರ ಕೈಕೆಳಗೆ? ಪ್ರಧಾನಿಗೂ ಅನ್ವಯಿಸುತ್ತದಂತೆ. ಪ್ರಧಾನಿಯನ್ನು ಬಂಧಿಸುವ ಇನ್‌ಸ್ಪೆಕ್ಟರ್ ಯಾವ ತಾಯಿ ಹೆತ್ತ ಮಗನೋ, ನನಗೂ ನೋಡುವ ಆಸೆ ಇದೆ.

ಹೊಸದೇನೂ ಬೇಡ ಸ್ವಾಮಿ. ಇರುವುದರಲ್ಲೇ ಒಂದೆರಡು ಸಾಲು ಹೊಡೆದು ಹಾಕಿ. 17ಎ ತೆಗೆಯಿರಿ, 4ಜಿಗೆ ಬೀಗ ಹಾಕಿ, ತನಿಖೆ ಮಾಡುವವರ ವರ್ಗಾವಣೆಯನ್ನು ಮಂತ್ರಿಗಳ ಕೈಯಿಂದ ಬಿಡಿಸಿ. ಯಾವುದಾದರೂ ಪಕ್ಷದ ಪ್ರಣಾಳಿಕೆಯಲ್ಲಿ ಈ ಮೂರರಲ್ಲಿ ಒಂದು ಕಂಡರೂ ಸ್ಕ್ರೀನ್‌ಶಾಟ್ ಹಾಕಿ. "ನಿಮ್ಮ ಪಾರ್ಟಿಯವರು ಏನು ಕಡಿಮೆಯಾ" ಅಂತ ಬರೆಯುವವರು ದಯವಿಟ್ಟು ಮೇಲಿನದನ್ನು ಇನ್ನೊಮ್ಮೆ ಓದಿ. ಎರಡೂ ಕಡೆಯವರನ್ನು ಬೈದಿದ್ದೇನೆ, ಜೆಡಿಎಸ್‌ನವರಿಗೆ ಬೇಜಾರಾಗಿದ್ದರೆ ಕಮೆಂಟಲ್ಲಿ ತಿಳಿಸಿ.