ಮೂರು ಸಲ ಬರೀ ರಕ್ತ, ನಾಲ್ಕನೆಯದಕ್ಕೂ ಸೂಜಿನೇನಾ?

ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ಕಲ್ಲಿನಂಥ ಗಡ್ಡೆ. ಎಫ್‌ಎನ್‌ಎಸಿ (ಸೂಜಿಯಿಂದ ಕೋಶ ಎಳೆದು ನೋಡೋ ಪರೀಕ್ಷೆ) ಮಾಡಿದ್ರೆ ಸ್ಲೈಡ್ ತುಂಬಾ ರಕ್ತ. ನಮ್ಮ ಪೆಥಾಲಜಿ ಲ್ಯಾಬಿಂದ ‘ಬೆಥೆಸ್ಡಾ 1’, ಅಂದ್ರೆ ಏನೂ ಹೇಳೋಕೆ ಕೋಶ ಸಾಲದು, ಅಂತ ರಿಪೋರ್ಟ್ ಹೋಗುತ್ತೆ. ಮತ್ತೆರಡು ಸಲ ಅದೇ ಗಡ್ಡೆ, ಅದೇ ಸೂಜಿ, ಅದೇ ರಕ್ತ. ಆಮೇಲೂ ಚೀಟಿಯಲ್ಲಿ ‘ರಿಪೀಟ್ ಎಫ್‌ಎನ್‌ಎಸಿ’!

ಸ್ವಾಮಿ, ರೀಡೆಲ್ ಥೈರಾಯ್ಡೈಟಿಸ್ ಅನ್ನೋದೊಂದಿದೆ. ಅಪರೂಪ, ಒಪ್ಪಿದೆ. ಆದರೆ ಜರ್ಮನಿಯ ಸರ್ಜನ್ ರೀಡೆಲ್ 1896ರಲ್ಲೇ ‘ಕಬ್ಬಿಣದಷ್ಟು ಗಟ್ಟಿ’ ಅಂತ ಬರೆದಿಟ್ಟ ಕಾಯಿಲೆ ಇದು. ಗ್ರಂಥಿಯ ಜಾಗದಲ್ಲಿ ನಾರು ತುಂಬಿರುತ್ತೆ. ಸ್ಲೈಡ್ ಸಾಕು ಅನ್ನೋಕೆ ತಲಾ ಹತ್ತು ಕೋಶಗಳ ಆರು ಗುಂಪಾದರೂ ಬೇಕು. ನಾರಿನಿಂದ ಅವು ಎಲ್ಲಿಂದ ಬರಬೇಕು? ಗಟ್ಟಿ ಗಡ್ಡೆಯಿಂದ ಸೂಜಿ ಪದೇ ಪದೇ ಖಾಲಿ ಬಂದರೆ ಅದೇ ಸುಳಿವು.

ಇತ್ತ ಮನೆಯವರಿಗೆ ಆಗಲೇ ‘ಅನಾಪ್ಲಾಸ್ಟಿಕ್ ಕ್ಯಾನ್ಸರ್, ಉಳಿಯೋದು ಕಷ್ಟ’ ಅಂತ ಹೇಳಿಯಾಗಿರುತ್ತೆ. ಅನುಮಾನ ತಪ್ಪಲ್ಲ: ನಾರು ಗ್ರಂಥಿಯ ಗಡಿ ದಾಟಿ ಸ್ನಾಯು, ಶ್ವಾಸನಾಳಕ್ಕೆ ಅಂಟುತ್ತೆ, ದನಿ ಒಡೆಯುತ್ತೆ, ಸಿಟಿಯಲ್ಲೂ ಕ್ಯಾನ್ಸರಿನ ಹಾಗೇ ಕಾಣುತ್ತೆ. ಅನುಮಾನವನ್ನೇ ತೀರ್ಪು ಮಾಡೋದು ತಪ್ಪು. ಇನ್ನು ಕೆಲವರು ಉಲ್ಟಾ. ಬಯಾಪ್ಸಿಗೂ ಮೊದಲೇ ಪ್ರೆಡ್ನಿಸೊಲೋನ್ ಸ್ಟೀರಾಯ್ಡ್ ಶುರು. ಲಿಂಫೋಮಾ (ಬಿಳಿ ರಕ್ತಕಣದ ಕ್ಯಾನ್ಸರ್) ಆಗಿದ್ದರೂ ಅದಕ್ಕೆ ಕರಗುತ್ತೆ, ಆಮೇಲೆ ಸಿಕ್ಕ ತುಂಡಲ್ಲಿ ಏನಂತ ನೋಡೋದು?

ಬೇಕಾದ್ದು ಓಪನ್ ಬಯಾಪ್ಸಿ, ಅಂದ್ರೆ ಕೊಯ್ದು ತುಂಡು ತೆಗೆಯೋದು. ಮೇಲಿನ ಸ್ನಾಯು ಕೆರೆದು ಕಳಿಸೋದಲ್ಲ, ಗ್ರಂಥಿಯೊಳಗಿಂದಲೇ ಆಳವಾದ ತುಂಡು. ಶ್ವಾಸನಾಳ ಒತ್ತುತ್ತಿದ್ದರೆ ಇಸ್ತಮಸ್ (ಗ್ರಂಥಿಯ ನಡುವಿನ ಸೇತುವೆ) ತೆಗೆದರಾಯಿತು, ಉಸಿರೂ ಸಲೀಸು, ತುಂಡೂ ಸಿಕ್ಕಿತು. ಇಡೀ ಥೈರಾಯ್ಡ್ ಕೀಳೋಕೆ ಹೋದರೆ ಪದರಗಳೇ ಇಲ್ಲದ ಕಡೆ ದನಿಯ ನರ, ಪ್ಯಾರಾಥೈರಾಯ್ಡ್ (ಕ್ಯಾಲ್ಸಿಯಂ ಕಾಯೋ ಪುಟ್ಟ ಗ್ರಂಥಿಗಳು) ಎರಡಕ್ಕೂ ಕುತ್ತು. ತುಂಡು ಕೆಡದ ಹಾಗೆ ಅದರ ಹತ್ತರಷ್ಟು ಫಾರ್ಮಲಿನ್ ಹಾಕಿ. ಲಿಂಫೋಮಾ ಅನುಮಾನ ಇದ್ದರೆ ಒಂದು ಚೂರನ್ನು ಸಲೈನಿನಲ್ಲಿ ತಕ್ಷಣ ಕಳಿಸಿ. ತಾಜಾ ಕೋಶಗಳ ಬಗೆ ಗುರುತಿಸೋ ಫ್ಲೋ ಸೈಟೊಮೆಟ್ರಿಗೆ ಫಾರ್ಮಲಿನ್ ಮುಟ್ಟಿದ್ದು ಆಗಲ್ಲ. ರಕ್ತದಲ್ಲಿ ಐಜಿಜಿ4 (ಈ ಕಾಯಿಲೆಯಲ್ಲಿ ಹೆಚ್ಚಿರಬಹುದಾದ ಪ್ರತಿಕಾಯ) ನಾರ್ಮಲ್ ಬಂದ ಮಾತ್ರಕ್ಕೆ ರೀಡೆಲ್ ಅಲ್ಲ ಅಂತ ಬರೆದುಬಿಡಬೇಡಿ. ಕ್ಯಾಲ್ಸಿಯಂ ಕೂಡ ನೋಡಿ, ಪ್ಯಾರಾಥೈರಾಯ್ಡನ್ನೂ ನಾರು ನುಂಗಿರಬಹುದು.

ಇಷ್ಟೆಲ್ಲ ಇರುವಾಗ ತುಂಡಿನ ಜೊತೆ ಬರೋ ಫಾರಂನಲ್ಲಿ ಬರೆದಿರೋದು ಏನು? ‘ನೆಕ್ ಸ್ವೆಲಿಂಗ್’. ಎರಡೇ ಪದ! ಎಷ್ಟು ದಿನದಿಂದ, ದನಿ ಹೋಗಿದೆಯಾ, ಸ್ಟೀರಾಯ್ಡ್ ಕೊಟ್ಟಿದ್ದಾರಾ, ಒಂದೂ ಇಲ್ಲ. ಕೋಶ ಕಡಿಮೆಯಿದ್ದು ನಾರೇ ಹೆಚ್ಚಿರೋ ಅನಾಪ್ಲಾಸ್ಟಿಕ್ ಕೂಡ ಇದೆ; ಅದಲ್ಲ ಅನ್ನೋಕೆ ಕ್ಯಾನ್ಸರ್ ಕೋಶ ಗುರುತಿಸೋ ಕೆರಾಟಿನ್, ಪಿ53 ಬಣ್ಣ ಹಾಕಬೇಕು. ಆಮೇಲೆ ರೀಡೆಲ್ ಗುರುತುಗಳಾದ ಐಜಿಜಿ4, ಮುಚ್ಚಿಹೋದ ಸಣ್ಣ ಸಿರೆಗಳ ಹುಡುಕಾಟ. ಅಷ್ಟರಲ್ಲೇ ಫೋನ್: ‘ರಿಪೋರ್ಟ್ ಯಾಕೆ ಲೇಟು?’ ನೀವು ಕಳಿಸಿದ ತುಂಡಿನ ಬ್ಲಾಕಿನಲ್ಲಿ ಬರೀ ಸ್ನಾಯು ಇದೆ ಸ್ವಾಮಿ, ಅದಕ್ಕೆ!