ರೇಡಿಯೋ ಸಿಟಿ ದೇಶದ ಮೊದಲ ಎಫ್‌ಎಂ ಅಲ್ಲ, ಮೊದಲ ಖಾಸಗಿ ಎಫ್‌ಎಂ

"ಭಾರತದ ಮೊಟ್ಟಮೊದಲ ಎಫ್‌ಎಂ ಸ್ಟೇಷನ್ ನಮ್ಮ ಬೆಂಗಳೂರಿನ ರೇಡಿಯೋ ಸಿಟಿ" ಅನ್ನೋ ಮೆಸೇಜ್ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ತಪ್ಪು. ಅದು ಮೊದಲ ಖಾಸಗಿ ಎಫ್‌ಎಂ, ಶುರುವಾಗಿದ್ದು 2001ರ ಜುಲೈ 3ರಂದು. ದೇಶದಲ್ಲಿ ಎಫ್‌ಎಂ ಪ್ರಸಾರ ಅದಕ್ಕೂ ಮುಂಚೆಯೇ, 1977ರಲ್ಲೇ, ಮದ್ರಾಸಿನಲ್ಲಿ ಆರಂಭವಾಗಿತ್ತು, ಮಾಡಿದ್ದು ಆಕಾಶವಾಣಿ. ಇದು ಆಕಾಶವಾಣಿಯ ಇತಿಹಾಸದಲ್ಲೇ ದಾಖಲಾಗಿದೆ. 1993ರ ಹೊತ್ತಿಗೆ ಖಾಸಗಿಯವರು ಆಕಾಶವಾಣಿಯ ಎಫ್‌ಎಂನಲ್ಲೇ ಸಮಯ ಕೊಂಡು ಹಾಡು ಹಾಕುತ್ತಿದ್ದರು. ಸ್ವಂತ ಸ್ಟೇಷನ್ ನಡೆಸಲು ಲೈಸೆನ್ಸ್ ಸಿಕ್ಕಿದ್ದು ಆಮೇಲೆ, ಹರಾಜಿನ ಮೂಲಕ. ಆ ಸಾಲಿನಲ್ಲಿ ಮೊದಲು ಪ್ರಸಾರ ಶುರು ಮಾಡಿದ್ದು ಬೆಂಗಳೂರಿನ ರೇಡಿಯೋ ಸಿಟಿ. ಈ ಹೆಮ್ಮೆಯೇ ಸಾಕಷ್ಟು ದೊಡ್ಡದು ಅಲ್ವಾ? ಅದಕ್ಕೆ ಸುಮ್ನೆ ಇನ್ನೊಂದು ಸೇರಿಸಿ ಆಕಾಶವಾಣಿಯವರ ಕೆಲಸ ಅಳಿಸೋದು ಬೇಡ. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿನಲ್ಲಿ "ಖಾಸಗಿ" ಅನ್ನೋ ಪದ ಸೇರಿಸಿ ತಿದ್ದಿ ಹಾಕಿ.